ಎಷ್ಟು ಬೆಳಕು ಸಾಕು?

ನಾನು ಹಾಡುವವನಲ್ಲ, ಬಾರಿಸುವವನೂ ಅಲ್ಲ. ನಮ್ಮೂರ ಹಾಡಕಿ ಮೇಳದ ಲೆಕ್ಕ ಬರೆಯುವವ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಬರೆಸಿ ಬರೆಸಿ ನಿವೃತ್ತನಾದ ಮೇಲೆ, "ಗುರುಜಿ, ನಿಮ್ಮ ಅಕ್ಷರ ಚಂದ ಅದಾವ, ನಮ್ಮ ವಹಿ ನೀವ ಹಿಡೀರಿ" ಎಂದು ಮೇಳದವರು ತಂದು ಕೈಗೆ ಕೊಟ್ಟರು. ವಹಿ ಹಿಡಿದವನಿಗೆ ದೀಪದ ಕೆಲಸ ಯಾಕೆ ಗಂಟುಬಿತ್ತು ಅಂದರೆ, ಮೇಳದಲ್ಲಿ ಕೈ ಖಾಲಿ ಇರುವವ ನಾನೊಬ್ಬನೇ. ಎಲ್ಲರೂ ಹಾಡುವಾಗ ಸ್ವಿಚ್ ಒತ್ತಲು ಯಾರಾದರೂ ಬೇಕಲ್ಲ.

ಮೇಳ ಅಂದರೆ ದೊಡ್ಡದೇನಲ್ಲ. ಒಂದು ಪೇಟಿ, ಒಂದು ತಬಲಾ, ಒಂದು ಢೋಲಕಿ, ಎರಡು ಜೋಡಿ ತಾಳ, ಮುಂದೆ ಹಾಡುವಾಕೆ ಒಬ್ಬ ಅಕ್ಕ, ಹಿಂದೆ ಸೂರು ಹಿಡಿಯುವ ಇಬ್ಬರು. ಅಕ್ಕಲಕೋಟ ತಾಲೂಕಿನ ಹಳ್ಳಿಯಾದ್ದರಿಂದ ಒಂದೇ ರಾತ್ರಿಯಲ್ಲಿ ಕನ್ನಡದ ತತ್ವಪದ, ಮರಾಠಿ ಅಭಂಗ, ಬೀಸುಕಲ್ಲಿನ ಪದ ಎಲ್ಲ ಆಗಬೇಕು. ಇಲ್ಲಿ ಕೂತವರಿಗೆ ಎರಡೂ ಭಾಷೆ ಮನೆಯವೇ. ಮೈಂದರ್ಗಿ, ದುಧನಿ, ನಾಗಣಸೂರ ಕಡೆಯಿಂದ ಸುಪಾರಿ ಬರುತ್ತದೆ. ಒಮ್ಮೊಮ್ಮೆ ಗಡಿ ದಾಟಿ ಆಳಂದ, ಇಂಡಿ ಕಡೆಗೂ ಹೋಗುತ್ತೇವೆ. ಸಿಕ್ಕಿದ್ದರಲ್ಲಿ ಟೆಂಪೋ ಬಾಡಿಗೆ, ಚಹಾ ಕಳೆದರೆ ತಲೆಗೆ ಏಳುನೂರೈವತ್ತು ಬಂದರೆ ಅದು ಒಳ್ಳೆಯ ರಾತ್ರಿ.

ಮೂರು ವರ್ಷದ ಹಿಂದೆ ಜಾತ್ರೆಗಳ ಹಂಗಾಮು ಮುಗಿದಾಗ ವಹಿಯಲ್ಲಿ 14,600 ರೂಪಾಯಿ ಶಿಲ್ಕು ಇತ್ತು. ಅದರ ಕೆಳಗೆ ಇನ್ನೊಂದು ಸಾಲು: ಢೋಲಕಿ ಹುಡುಗನಿಗೆ ಎಂಟು ರಾತ್ರಿಯ ಬಾಕಿ 6,000. ಬೇರೆಯವರೆಲ್ಲ ಕೇಳಿ ಕೇಳಿ ತಗೊಂಡಿದ್ದರು. ಅವನು ಎಲ್ಲರಿಗಿಂತ ಸಣ್ಣವ, ಬಾಯಿ ಬಿಟ್ಟು ಕೇಳಿರಲಿಲ್ಲ. ಕೇಳದವನ ಬಾಕಿ ಉಳಿಯುವುದು ಎಲ್ಲ ಕಡೆಯ ರೂಢಿ. ಓದುವವರು ಈ ಎರಡು ಅಂಕಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬರುತ್ತವೆ.

ಆ ಶಿಲ್ಕಿನಲ್ಲಿ ಮೇಳಕ್ಕೆ ಸ್ವಂತದ ದೀಪ ತರಬೇಕು ಅನ್ನೂದು ಚಿಕ್ಕವರ ಮಾತು. "ಮಂದಿ ಆರ್ಕೆಸ್ಟ್ರಾ ನೋಡಲಿಕ್ಕೆ ಹೋಗತಾರ, ನಮ್ಮ ಹಂತ್ಯಾಕ ಬರೂದಿಲ್ಲ, ಅಲ್ಲಿ ಲೈಟ್ ಅದಾವ" ಎಂದರು. ತಾಳ ಹಾಕುವ ಹಿರಿಯರು ಒಬ್ಬರು, ಎಪ್ಪತ್ತು ದಾಟಿದವರು, ಒಂದೇ ಮಾತು ಕೇಳಿದರು: "ಹಾಡು ಕೇಳೂದೋ, ನೋಡೂದೋ?"

ನನಗೆ ಆವತ್ತು ಉತ್ತರ ಹೊಳೆಯಲಿಲ್ಲ. ಮೇಷ್ಟ್ರಾದವನಿಗೆ ಉತ್ತರ ಹೊಳೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಆ ಹಿರಿಯರ ಮನಸ್ಸಿನಲ್ಲಿದ್ದದ್ದು ಗ್ಯಾಸ್ ಬತ್ತಿ. ನನ್ನ ಮನಸ್ಸಿನಲ್ಲೂ ಅದೇ ಇದೆ. ಹರದೇಶಿ-ನಾಗೇಶಿ ಹಾಡಕಿ ನಡೆಯುವಾಗ ನಡುವೆ ಒಂದು ಗೂಟಕ್ಕೆ ಗ್ಯಾಸ್ ಬತ್ತಿ ತೂಗುಹಾಕಿದರೆ ಮುಗಿಯಿತು. ಒಬ್ಬರು ಗಂಡು ಹೆಚ್ಚು ಎಂದು ಹಾಡುವುದು, ಇನ್ನೊಬ್ಬರು ಹೆಣ್ಣು ಹೆಚ್ಚು ಎಂದು ತಿರುಗಿ ಹಾಡುವುದು, ಬೆಳಗಾಗುವ ತನಕ. ಆಗಾಗ ಒಬ್ಬ ಎದ್ದು ಪಂಪು ಹೊಡೆಯಬೇಕು. ಇಲ್ಲವಾದರೆ ಬತ್ತಿ ಕೆಂಪಾಗಿ ಸುಸ್ತಾಗುತ್ತದೆ. ಒಳಗಿನ ಆ ಬಿಳಿ ಜಾಳಿಗೆಯ ಚೀಲ ಇದೆಯಲ್ಲ, ಮ್ಯಾಂಟಲ್ ಅಂತೀವಿ, ಅದನ್ನು ಕಂಡುಹಿಡಿದವ ಆಸ್ಟ್ರಿಯಾದ ಕಾರ್ಲ್ ಔಯರ್. ಅದಕ್ಕೆ ಥೋರಿಯಂ ಬೇಕು. ಅದು ಕೇರಳದ ಕಡಲದಂಡೆಯ ಮೊನಜೈಟ್ ಉಸುಕಿನಲ್ಲಿ ಇದೆ ಎಂದು ಕಳೆದ ಶತಮಾನದ ಮೊದಲಲ್ಲಿ ಜರ್ಮನಿಯವರಿಗೆ ಗೊತ್ತಾಗಿ, ಉಸುಕು ಹಡಗು ಹತ್ತಿತು. ನಮ್ಮ ದೇಶದ ಮರಳು ವಿಲಾಯತಿಗೆ ಹೋಗಿ ಬೆಳಕಾದ ಕಥೆ ಇದು. ಮಕ್ಕಳಿಗೆ ಇದನ್ನು ಹೇಳಿದಾಗ ಯಾರೂ ನಂಬುತ್ತಿರಲಿಲ್ಲ.

ಗ್ಯಾಸ್ ಬತ್ತಿಯ ಒಂದು ಗುಣ ನಾನು ತಡವಾಗಿ ತಿಳಿದೆ. ಅದು ಹಾಡುವವರಿಗೂ ಕೇಳುವವರಿಗೂ ಒಂದೇ. ಹಾಡುವವಳ ಮುಖ ಕಾಣುವಷ್ಟೇ ಮುಂದೆ ಕೂತ ಮುದುಕನ ಮುಖವೂ ಕಾಣುತ್ತಿತ್ತು. ಇದಕ್ಕೆ ಆಮೇಲೆ ಬರುತ್ತೇನೆ.

ಕೇಳೂದೋ ನೋಡೂದೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಓದಿನಿಂದ. 1954ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಸಂಬಿ ಮತ್ತು ಪೊಲಾಕ್, ಗದ್ದಲದ ನಡುವೆ ಮಾತು ಕೇಳಿಸಿ ಪರೀಕ್ಷೆ ಮಾಡಿದರು. ಮಾತಾಡುವವನ ಮುಖ ಕಾಣುತ್ತಿದ್ದರೆ ಶಬ್ದಗಳು ಹೆಚ್ಚು ತಿಳಿಯುತ್ತವೆ; ಗದ್ದಲ ಹೆಚ್ಚಿದಷ್ಟೂ ಮುಖದ ನೆರವು ಹೆಚ್ಚುತ್ತದೆ ಎಂದು ಕಂಡರು. ಅಂದರೆ ತುಟಿಯನ್ನು ಕಣ್ಣು ಓದುತ್ತದೆ, ಕಿವಿಗೆ ಹೇಳಿಕೊಡುತ್ತದೆ. ನಮ್ಮ ಜಾತ್ರೆಯಷ್ಟು ಗದ್ದಲ ಇನ್ನೆಲ್ಲಿದೆ? ಒಂದು ಕಡೆ ಮಿಠಾಯಿ ಅಂಗಡಿಯ ಜನರೇಟರ್, ಇನ್ನೊಂದು ಕಡೆ ತೊಟ್ಟಿಲ ಆಟದವನ ಭೋಂಗಾ. ಕಿವಿ ಮಂದವಾದ ಅಜ್ಜಿಯಂದಿರು ಮುಂದೆ ಬಂದು ಕೂಡುವುದು ಸದ್ದಿಗಾಗಿ ಮಾತ್ರವಲ್ಲ, ಹಾಡುವವಳ ಬಾಯಿ ನೋಡಲಿಕ್ಕೆ. ಇದನ್ನು ತಾಳದ ಹಿರಿಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ತುಟಿ ಕಾಣಸೂವಷ್ಟ ಬೆಳಕ ತರ್ರಿ, ಹೆಚ್ಚಿಗಿ ಬ್ಯಾಡ" ಅಂದರು.

ಅಳತೆ ಅವರೇ ಕೊಟ್ಟರು. ಕೊನೆಯ ಸಾಲಿನ ಅಜ್ಜಿಗೆ ತುಟಿ ಕಾಣಬೇಕು. ಆ ಅಳತೆಯನ್ನು ನಾವು ಹಿಡಿದು ನಡೆದಿದ್ದರೆ ಈ ಲೇಖನ ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಅದಕ್ಕೂ ಮುಂಚೆ ನಾವು ಬಾಡಿಗೆಯ ಹ್ಯಾಲೊಜನ್ ಹಚ್ಚುತ್ತಿದ್ದೆವು. 500 ವಾಟಿನವು ನಾಲ್ಕು. ಅವುಗಳಲ್ಲಿ ಸುರಿದ ಕರೆಂಟಿನ ಹತ್ತನೇ ಒಂದು ಪಾಲೂ ಬೆಳಕಾಗುವುದಿಲ್ಲ, ಉಳಿದದ್ದೆಲ್ಲ ಕಾವು. ಅಕ್ಕನ ಹಣೆಯಿಂದ ಬೆವರಿಳಿದು ಕುಂಕುಮ ಮೂಗಿಗೆ ಬರುತ್ತಿತ್ತು. ತಬಲಾದ ಚರ್ಮ ಕಾವಿಗೆ ಬಿಗಿಯಾಗಿ ಸೂರು ಏರುತ್ತಿತ್ತು. ಎರಡು ಪದಕ್ಕೊಮ್ಮೆ ಸುತ್ತಿಗೆ ಹಿಡಿದು ಇಳಿಸಬೇಕು. ಹಲಗಿಯವರು ಬೆಂಕಿಗೆ ಕಾಯಿಸಿ ಬಾರಿಸುವುದನ್ನು ಕಂಡವರಿಗೆ ಇದು ಹೊಸದಲ್ಲ.

ಮತ್ತೆ ಆ ಕರೆಂಟು ಎಲ್ಲಿಂದ ಬರುತ್ತಿತ್ತು? ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಉಳಿದದ್ದು ಸುಳ್ಳಾಗುತ್ತದೆ. ಆಕಡಾ ಹಾಕುತ್ತಿದ್ದರು. ಬಿದಿರಿನ ತುದಿಗೆ ತಂತಿಯ ಕೊಕ್ಕೆ, ಕಂಬದ ಲೈನಿಗೆ ಒಂದು ಎಸೆತ. ಊರ ಪಂಚರು ಹಾಕುತ್ತಿದ್ದರು, ನಾವು ನೋಡುತ್ತಿದ್ದೆವು. "ದೇವರ ಕೆಲಸಕ್ಕ ಲೆಕ್ಕ ಏನ್ ಕೇಳತೀರಿ" ಎಂಬ ಮಾತಿಗೆ ಲೆಕ್ಕ ಬರೆಯುವ ನಾನೇ ತಲೆಯಾಡಿಸಿದ್ದೇನೆ. ಕದ್ದ ಕರೆಂಟಿನ ಕೆಳಗೆ ಕೂತು, ಪರರ ಧನ ಮುಟ್ಟಬೇಡ ಎಂಬ ಅರ್ಥದ ಪದಗಳನ್ನು ನಮ್ಮ ಮೇಳ ಎಷ್ಟು ರಾತ್ರಿ ಹಾಡಿದೆಯೋ. ಆ ಕಳ್ಳತನಕ್ಕೆ 2003ರ ವಿದ್ಯುತ್ ಕಾಯಿದೆಯಲ್ಲಿ ಮೂರು ವರ್ಷದ ತನಕ ಸಜೆ ಇದೆ. ಕಾಯಿದೆಯ ಮಾತು ಬಿಡಿ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಜಾತ್ರೆಯ ಎಲ್ಲ ಭಾರ ಬಿದ್ದು ಅದು ಸುಟ್ಟರೆ, ಎಂಟು ದಿನ ನೀರಿಲ್ಲದೆ ಒಣಗುವುದು ಯಾರದೋ ಕಬ್ಬು, ಯಾರದೋ ಉಳ್ಳಾಗಡ್ಡಿ.

ಒಂದು ಊರಿನ ಜಾತ್ರೆಯಲ್ಲಿ ಹ್ಯಾಲೊಜನ್ ಕಾವಿಗೆ ಅದರ ವಾಯರಿನ ಮೇಲಿನ ರಬ್ಬರು ಕರಗಿತು. ತಾಮ್ರ ಕಬ್ಬಿಣದ ಪೈಪಿಗೆ ತಾಗಿತು. ಅರ್ಥಿಂಗ್ ಇರಲಿಲ್ಲ. ಚಹಾ ಹಂಚುವ ಹುಡುಗ, ಹದಿಮೂರು ಹದಿನಾಲ್ಕರವ, ದಾಟಿಹೋಗುವಾಗ ಪೈಪು ಹಿಡಿದ. ಕಿರುಚಲೂ ಇಲ್ಲ. ಬಿದ್ದ. ಯಾರೋ ಬಿದಿರಿನಿಂದ ಆಕಡಾ ಕೆಡವಿದರು, ಎಲ್ಲ ಕತ್ತಲಾಯಿತು, ಅದಕ್ಕೇ ಹುಡುಗ ಉಳಿದ. ಅವನ ಎಡಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅರ್ಧ ಗಂಟೆಯಲ್ಲಿ ಮತ್ತೆ ಆಕಡಾ ಏರಿತು, ನಾವು ಮತ್ತೆ ಹಾಡಿದೆವು. "ಮಂದಿ ಕೂತಾರ, ನಡು ಬಿಟ್ಟ ಏಳಬಾರದು" ಎಂದು ಆವತ್ತು ಎಲ್ಲರೂ ಅಂದೆವು. ಏಳಬೇಕಿತ್ತು.

ಹಾಗಾಗಿ ಸ್ವಂತ ದೀಪ ತರುವ ಮಾತು ಬಂದಾಗ ನಾನು ಒಂದು ಶರ್ತು ಹಾಕಿದೆ. ಮೊದಲು ಬೋರ್ಡು, ಆಮೇಲೆ ಬಲ್ಬು. ಎಂಸಿಬಿ ಕಾಯುವುದು ವಾಯರನ್ನು, ಮನುಷ್ಯನನ್ನಲ್ಲ. ಆರು ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಆರು ಆಂಪಿಯರ್ ದಾಟಬೇಕು. ಮನುಷ್ಯ ಸಾಯಲು ಒಂದು ಆಂಪಿಯರಿನ ಹತ್ತನೇ ಪಾಲು ಸಾಕು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ತಿರುಗಿ ಬಂತೋ ಇಲ್ಲವೋ ಎಂದು ಅದು ಕ್ಷಣಕ್ಷಣಕ್ಕೆ ತೂಗುತ್ತಿರುತ್ತದೆ, 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಡಿದುಬಿಡುತ್ತದೆ. ಒಳ್ಳೆಯ ಲೆಕ್ಕಿಗ ಅದು, ನನಗಿಂತ. ಪಂಚರಿಗೂ ಹೇಳಿಬಿಟ್ಟೆವು: ಹಬ್ಬದ ಮಂಡಪಕ್ಕೆ ಮಹಾವಿತರಣದವರು ತಾತ್ಪೂರ್ತಿ ಕನೆಕ್ಷನ್ ಕೊಡುತ್ತಾರೆ, ಅರ್ಜಿ ಹಾಕಿ ಹಣ ಕಟ್ಟಿ ತಗೊಳ್ಳಿ, ಇಲ್ಲವಾದರೆ ಯಾರದಾದರೂ ಮನೆಯ ಮೀಟರಿನಿಂದ ಕೊಡಿಸಿರಿ, ಯುನಿಟ್ಟಿನ ರೊಕ್ಕ ನಾವು ಕೊಡುತ್ತೇವೆ. ಆ ಹಂಗಾಮಿನಲ್ಲಿ ಎರಡು ಸುಪಾರಿ ಕೈಬಿಟ್ಟವು. ಬಿಡಲಿ.

ಅಕ್ಕಲಕೋಟದಿಂದ ಸೊಲ್ಲಾಪುರ ನಲವತ್ತು ಕಿಲೋಮೀಟರಿನ ದಾರಿ. ಪೇಟಿಯವನು ಮತ್ತು ನಾನು ಎಸ್‌ಟಿ ಹಿಡಿದು ಹೋದೆವು. ತಂದದ್ದರ ಲೆಕ್ಕ ವಹಿಯಲ್ಲಿ ಹೀಗಿದೆ. ಬಿಳಿ ಎಲ್‌ಇಡಿ ಫ್ಲಡ್ 50 ವಾಟಿನವು ಎರಡು, 1,300. ಬೋರ್ಡು, ಆರ್‌ಸಿಸಿಬಿ, ಎಂಸಿಬಿ ಸಹಿತ 2,600. ಮೂರೆಳೆಯ ವಾಯರು 30 ಮೀಟರ್, ಪಿನ್ನು, ಸಾಕೆಟ್ಟು ಸೇರಿ 2,100. ಊರಿಗೆ ಬಂದು ವೆಲ್ಡಿಂಗಿನವನ ಹತ್ತಿರ ಮಾಡಿಸಿದ ಪೈಪಿನ ನಿಲುವು ಎರಡು, 1,800. ದೀಪ ಕಳಚಿ ಯಾರ ತಲೆಯ ಮೇಲೂ ಬೀಳದಂತೆ ಬಿಗಿಯಲು ಸರಪಳಿ, 200. ಒಟ್ಟು 8,000.

ಅಲ್ಲಿಗೆ ನಿಲ್ಲಬೇಕಿತ್ತು. 8,000 ಕಳೆದರೆ ಶಿಲ್ಕಿನಲ್ಲಿ 6,600 ಉಳಿಯುತ್ತದೆ. ಢೋಲಕಿಯವನ 6,000 ಕೊಟ್ಟು ಮೇಲೆ 600 ಮಿಗುತ್ತಿತ್ತು. ಇಷ್ಟು ಸಣ್ಣ ವಜಾಬಾಕಿ ಮೂರನೇ ಇಯತ್ತೆಯ ಹುಡುಗನೂ ಮಾಡುತ್ತಾನೆ. ಆದರೆ ಅಂಗಡಿಯವನು ಕತ್ತಲೆಯ ಒಂದು ಮೂಲೆಯಲ್ಲಿ ಬಣ್ಣದ ಪಾರ್ ಲೈಟ್ ಹಚ್ಚಿ ತೋರಿಸಿದ. 54 ಸಣ್ಣ ಬಲ್ಬುಗಳು, ಕೆಂಪು, ಹಸಿರು, ನೀಲಿ, ಬಿಳಿ. ತಾನೇ ಬಣ್ಣ ಬದಲಿಸುತ್ತದೆ, ಢೋಲಕಿ ಸಪ್ಪಳಕ್ಕೆ ತಾನೇ ಕುಣಿಯುತ್ತದೆ. ನನಗೆ ಅರವತ್ತೆರಡು ವರ್ಷ. ಜಾತ್ರೆಯಲ್ಲಿ ಗಿರಗಿಟ್ಲೆ ಕಂಡ ಹುಡುಗನ ಹಾಗೆ ನಿಂತೆ. ಒಂದಕ್ಕೆ 1,900. ಎರಡು ತಗೊಂಡೆವು, 3,800. "ಹುಡುಗನ ಬಾಕಿ ಮುಂದಿನ ಜಾತ್ರಿಗಿ ಕೊಡೂನು" ಎಂದು ಪೇಟಿಯವನು ಅಂದ. ನಾನು ಹೂಂ ಅಂದೆ. ಬೆಳಕು ಕುಣಿದದ್ದು ಢೋಲಕಿಗೆ, ಕೊಂಡದ್ದೂ ಢೋಲಕಿಯವನ ರೊಕ್ಕದಿಂದ.

ಈ ಮೋಹ ನಮ್ಮಂಥ ಸಣ್ಣವರಿಗೆ ಮಾತ್ರ ಅಲ್ಲ. ಬಾಲಗಂಧರ್ವರು 1913ರಲ್ಲಿ ಸ್ವಂತ ನಾಟಕ ಮಂಡಳಿ ಕಟ್ಟಿದರು. ಅಂಥ ಕಂಠ ಇನ್ನೊಂದಿಲ್ಲ. ಆದರೂ ಬೆಲೆಬಾಳುವ ಪರದೆ, ಸೀರೆ, ಅತ್ತರು ಎಂದು ರಂಗದ ಮೇಲೆ ಸುರಿದು ಸುರಿದು ಮಂಡಳಿ ಸಾಲದಲ್ಲಿ ಮುಳುಗಿತು. ನೋಡುವವರಿಗೆ ಕಡಿಮೆ ಕೊಡಬಾರದು ಎಂಬ ಪ್ರೀತಿಯಿಂದಲೇ ಅವರು ಅದನ್ನು ಮಾಡಿದ್ದು ಎಂದು ನನಗೆ ಅನಿಸುತ್ತದೆ. ಪ್ರೀತಿಯಿಂದ ಮಾಡಿದ ಸಾಲವನ್ನೂ ಯಾರೋ ತೀರಿಸಬೇಕಾಗುತ್ತದೆ.

ಇನ್ನು ದೀಪ ಕಟ್ಟಿದ ರೀತಿ ಹೇಳುತ್ತೇನೆ. ಶಾಲೆಯ ಸ್ನೇಹಸಂಮೇಳನಕ್ಕೆ ಮೇಷ್ಟ್ರುಗಳಿಗೆ ಬೇಕಾಗಬಹುದು. ಮೊದಲ ದಿನ ನಾವು ದೀಪಗಳನ್ನು ಮಂಡಪದ ಮೇಲಿನ ಅಡ್ಡ ಪೈಪಿಗೆ, ಸರಿಯಾಗಿ ತಲೆಯ ಮೇಲೆ ಕಟ್ಟಿದೆವು. ಹುಬ್ಬಿನ ಕೆಳಗೆ ಕಣ್ಣಿನ ಜಾಗದಲ್ಲಿ ಎರಡು ಕರಿ ಗುಳಿ ಕಂಡವು. ಪಟಕಾ ಸುತ್ತಿದವರ ಮುಖ ಪೂರ್ತಿ ನೆರಳು. ಅಕ್ಕ ತಲೆಯ ಮೇಲೆ ಸೆರಗು ಹೊದ್ದು ಹಾಡುವಾಕೆ, ಆಕೆಗೂ ಅದೇ ಗತಿ. ಕೆಳಗಿಟ್ಟು ಹಚ್ಚಿದರೆ ಎಲ್ಲರೂ ದೆವ್ವದ ಹಾಗೆ ಕಂಡರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೆಕ್ಯಾಂಡ್ಲೆಸ್ ಎಂಬ ಮೇಷ್ಟ್ರು 1932ರಲ್ಲೇ ಇದಕ್ಕೊಂದು ದಾರಿ ಬರೆದಿಟ್ಟಿದ್ದಾನೆ: ಎರಡು ದೀಪ, ಎದುರಿನಿಂದ, ಒಂದು ಎಡಕ್ಕೆ ಒಂದು ಬಲಕ್ಕೆ, ಎರಡೂ ನಲವತ್ತೈದು ಕೋನದಲ್ಲಿ ಮೇಲಿನಿಂದ. ಮುಖಕ್ಕಿಂತ ಎಂಟು ಅಡಿ ಮೇಲೆ, ಎಂಟು ಅಡಿ ಮುಂದೆ ಇಟ್ಟರೆ ಆ ಕೋನ ಸಿಗುತ್ತದೆ. ಪಟಕಾ, ಸೆರಗು ಇದ್ದರೆ ಇನ್ನೂ ಸ್ವಲ್ಪ ಕೆಳಗೆ ಇಳಿಸಬೇಕು. ಅದು ಅವನ ಪುಸ್ತಕದ್ದಲ್ಲ, ನಾವು ಕಲಿತದ್ದು. ಮತ್ತೆ ಬೆಳಕು ಕಡಿಮೆಯಾಯಿತು ಅನಿಸಿದರೆ ಇನ್ನೊಂದು ದೀಪ ಕೊಳ್ಳುವ ಮುಂಚೆ ಇದ್ದುದನ್ನೇ ಹತ್ತಿರ ತನ್ನಿ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಇಪ್ಪತ್ತು ಅಡಿಯಲ್ಲಿದ್ದ ದೀಪ ಹತ್ತು ಅಡಿಗೆ ಬಂದರೆ, ಒಂದು ರೂಪಾಯಿ ಖರ್ಚಿಲ್ಲದೆ ನಾಲ್ಕು ದೀಪ ಆದಂತೆ. 50 ವಾಟಿನ ಎರಡು ಎಲ್‌ಇಡಿ ಸೇರಿದರೆ ಹಳೆಯ 500 ವಾಟಿನ ಒಂದು ಹ್ಯಾಲೊಜನ್‌ನಷ್ಟು ಬೆಳಕು, ಕಾವಿಲ್ಲ. ಬಿಳಿ ಎಲ್‌ಇಡಿ ಸಾಧ್ಯವಾದದ್ದು ನೀಲಿ ಎಲ್‌ಇಡಿಯಿಂದ. ಅದನ್ನು ಮಾಡಿದ ಅಕಾಸಾಕಿ, ಅಮಾನೊ, ನಕಾಮುರಾ ಈ ಮೂವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ನನ್ನ ಮಟ್ಟಿಗೆ ಕೊಟ್ಟದ್ದು ಸಾರ್ಥಕ.

ಕೊನೆಯ ಸಾಲಿನಲ್ಲಿ ನಿಂತು ನೋಡಿದೆ. ಆ ಎರಡು ಬಿಳಿ ದೀಪಗಳಲ್ಲೇ ತುಟಿ ಕಾಣುತ್ತಿತ್ತು.

ಬಣ್ಣದವುಗಳ ಗತಿ ಏನಾಯಿತು ಕೇಳಿ. ಮೊದಲ ಕಾರ್ಯಕ್ರಮದಲ್ಲಿ ನಾಲ್ಕನೇ ಪದಕ್ಕೆ ನಾನು ಹಸಿರು ಹಚ್ಚಿದೆ. ಮುಂದಿದ್ದ ಹುಡುಗರು ಸೀಟಿ ಹೊಡೆದರು. ಅಕ್ಕ ಪದ ಮುಗಿಸಿ ಮೈಕಿನಿಂದ ಮುಖ ತಿರುಗಿಸಿ ಅಂದಳು: "ಗುರುಜಿ, ನನ್ನ ಮಾರಿ ಹಸರ ಮಾಡಬ್ಯಾಡ್ರಿ. ಸತ್ತವರಂಗ ಕಾಣತದಂತ." ಹೌದು. ನಮ್ಮ ಕಂದು ಮೈಬಣ್ಣ ಕೆಂಪು ಹಳದಿಯನ್ನು ಹೆಚ್ಚು ತಿರುಗಿಸಿ ಕೊಡುತ್ತದೆ, ಹಸಿರು ನೀಲಿಯನ್ನು ಕಡಿಮೆ. ಅದಕ್ಕೇ ಹಸಿರಿನಲ್ಲಿ ಜೀವಕಳೆ ಹೋಗುತ್ತದೆ. ಸರಿ, ಕೆಂಪು ಹಚ್ಚಿದೆ. ಈ ಸಲ ಮಾತಾಡಿದ್ದು ಕೆಳಗೆ ಕೂತ ಹೆಣ್ಣುಮಕ್ಕಳು. "ಅಯ್ಯ, ಆಕಿ ಕುಂಕುಮ ಎಲ್ಲಿ ಹೋತು?"

ಬಿಳಿ ಕಾಗದದ ಮೇಲೆ ಕುಂಕುಮದ ಬೊಟ್ಟು ಇಟ್ಟು ಕತ್ತಲೆಯಲ್ಲಿ ಕೆಂಪು ಬೆಳಕು ಬಿಟ್ಟು ನೋಡಿ. ಕಾಗದವೂ ಕೆಂಪು, ಬೊಟ್ಟೂ ಕೆಂಪು, ಬೊಟ್ಟು ಅಳಿಸಿಹೋಗುತ್ತದೆ. ಹಸಿರು ಬಿಟ್ಟರೆ ಅದೇ ಬೊಟ್ಟು ಕಪ್ಪು. ಬ್ಯಾಟರಿಗೆ ಬಣ್ಣದ ಹಾಳೆ ಸುತ್ತಿ ಯಾವ ಶಾಲೆಯಲ್ಲಾದರೂ ತೋರಿಸಬಹುದಾದ ಪಾಠ. ಆದರೆ ವೇದಿಕೆಯ ಮೇಲೆ ಅದು ಪಾಠವಲ್ಲ. ಮುತ್ತೈದೆಯ ಹಣೆಯಿಂದ ಕುಂಕುಮ ಮಾಯವಾದರೆ ನಮ್ಮ ಕಡೆ ಅದನ್ನು ಏನೆಂದು ತಿಳಿಯುತ್ತಾರೆ ಎಂದು ನಾನು ಹೇಳಬೇಕಿಲ್ಲ. ಆ ತಿಳುವಳಿಕೆ ಸರಿಯೋ ತಪ್ಪೋ, ಗಂಡನಿಲ್ಲದವಳ ಹಣೆ ಯಾಕೆ ಬರಿದಾಗಬೇಕು, ಅದು ಬೇರೆಯ ವಾದ. ನನ್ನ ಅಭಿಪ್ರಾಯ ಊರಿಗೆ ಗೊತ್ತೇ ಇದೆ. ಆದರೆ ಒಬ್ಬ ಹೆಣ್ಣುಮಗಳ ಮುಖದ ಮೇಲೆ ಅವಳನ್ನು ಕೇಳದೆ ನಾನು ಏನೋ ಬಳಿದೆ, ಏನೋ ಅಳಿಸಿದೆ. ಅವಳಿಗೆ ತನ್ನ ಮುಖ ತನಗೆ ಕಾಣುವುದಿಲ್ಲ. ಕಾಣುವುದು ಸ್ವಿಚ್ ಹಿಡಿದವನಿಗೆ. ಒಬ್ಬರನ್ನು ನಾಲ್ಕು ಮಂದಿಗೆ ತೋರಿಸುವುದು ಯಾವಾಗಲೂ ಮರ್ಯಾದೆಯ ಕೆಲಸ ಎಂದು ನಾನು ತಿಳಿದಿದ್ದೆ. ಹೇಗೆ ತೋರಿಸಬೇಕು ಎಂದು ಅವರನ್ನು ಕೇಳಬೇಕು ಅನ್ನುವುದು ತಲೆಗೆ ಬಂದಿರಲಿಲ್ಲ. ಮೊಬೈಲಿನಲ್ಲಿ ವಿಡಿಯೊ ಹಿಡಿದು ಊರೂರಿಗೆ ಕಳಿಸುವವರಿಗೂ ಇದನ್ನು ಹೇಳಬೇಕಾಗಿದೆ, ಆದರೆ ಕೇಳುವವರು ಯಾರು.

ಅಕ್ಕ ಇನ್ನೊಂದು ಮಾತು ಹೇಳಿದಳು, ಟೆಂಪೋದಲ್ಲಿ ತಿರುಗಿ ಬರುವಾಗ. "ಲೈಟ ಕಣ್ಣಾಗ ಬಡದು ಮುಂದ ಏನೂ ಕಾಣಂಗಿಲ್ಲ. ಬಾವ್ಯಾಗ ಹಾಡಿದಂಗ ಆಗತದ." ಗ್ಯಾಸ್ ಬತ್ತಿಯ ಗುಣ ನನಗೆ ಹೊಳೆದದ್ದು ಆಗಲೇ. ನಮ್ಮ ಹಾಡಕಿ ಎದುರಿನವರ ಮುಖ ನೋಡಿ ಬೆಳೆಯುವಂಥದ್ದು. ಯಾರು ತಲೆದೂಗಿದರು, ಯಾರ ಕಣ್ಣಲ್ಲಿ ನೀರು ಬಂತು, ಯಾರು ಆಕಳಿಸಿದರು ಎಂದು ನೋಡಿಯೇ ಮುಂದಿನ ಪದ ಯಾವುದು ಎಂದು ಆಕೆ ಆರಿಸುತ್ತಾಳೆ. 1876ರಲ್ಲಿ ಜರ್ಮನಿಯ ಬೈರಾಯ್ಟ್ ಊರಿನಲ್ಲಿ ವಾಗ್ನರ್ ಎಂಬ ಸಂಗೀತಗಾರ ತಾನು ಕಟ್ಟಿಸಿದ ರಂಗಮಂದಿರದಲ್ಲಿ ನೋಡುವವರನ್ನು ಕತ್ತಲೆಯಲ್ಲಿ ಕೂಡಿಸಿದ. ಆ ಪದ್ಧತಿ ಜಗತ್ತಿಗೆಲ್ಲ ಹಬ್ಬಿ ನಮ್ಮ ಸಿನೇಮಾ ಟಾಕೀಜಿನ ತನಕ ಬಂತು. ಅವನ ಸಂಗೀತಕ್ಕೆ ಅದು ಸರಿ ಇರಬಹುದು, ಅಲ್ಲಿ ಎಲ್ಲ ಮೊದಲೇ ಬರೆದಿಟ್ಟದ್ದು. ನಮಗೆ ಸರಿಯಲ್ಲ. ಮಾರನೆಯ ಕಾರ್ಯಕ್ರಮದಿಂದ ಹೆಣ್ಣುಮಕ್ಕಳು ಕೂಡುವ ಕಡೆ ಮನೆಯ ಒಂಬತ್ತು ವಾಟಿನ ಬಲ್ಬು ಎರಡು ತೂಗುಹಾಕಿದೆವು. ಮುಖ ಕಾಣುವಷ್ಟು. ಹುಡುಗರ ಸೀಟಿಯೂ ಕಡಿಮೆಯಾಯಿತು, ಅದು ಯಾಕೆಂದು ನೀವೇ ಊಹಿಸಿ.

ಇಷ್ಟೆಲ್ಲ ಆದಮೇಲೆ ಆ ಎರಡು ಬಣ್ಣದ ದೀಪ ಡಬ್ಬಿಯಲ್ಲಿ ಕೂತವು. ಢೋಲಕಿ ಹುಡುಗ ಅಷ್ಟರಲ್ಲಿ ಊರು ಬಿಟ್ಟಿದ್ದ. ಸೊಲ್ಲಾಪುರದಲ್ಲಿ ಅಕ್ಕಲಕೋಟ ರೋಡಿನ ಎಂಐಡಿಸಿಯಲ್ಲಿ ಟಾವೆಲ್ ನೇಯುವ ಕಾರಖಾನೆ ಸೇರಿದ. ಬಾಕಿ ಕೊಡದ್ದಕ್ಕೇ ಹೋದ ಎಂದು ನಾನು ಹೇಳಲಾರೆ, ಈ ಕಡೆಯ ಹುಡುಗರು ಎಲ್ಲರೂ ಹೋಗುತ್ತಾರೆ. ಹೋಗುವಾಗ ಬಾಕಿಯ ಮಾತು ಅವನು ಎತ್ತಲೂ ಇಲ್ಲ. ಆ ವರ್ಷದ ನಮ್ಮೂರ ಜಾತ್ರೆಗೆ ರಜೆ ಹಾಕಿ ಬಂದು ಬಾರಿಸಿದ. ಏನು ಬಾರಿಸಿದ! ನಡುರಾತ್ರಿಯ ಒಂದು ಅಭಂಗದಲ್ಲಿ ಅಕ್ಕ ಹಾಡು ನಿಲ್ಲಿಸಿ ಅವನಿಗೆ ಬಿಟ್ಟುಕೊಟ್ಟಳು, ಕೂತ ಮಂದಿಯೆಲ್ಲ ಚಪ್ಪಾಳೆ ಹಿಡಿದರು.

ಬೆಳಗಿನ ಜಾವ ವಾಯರು ಸುತ್ತುತ್ತಿದ್ದೆ. ಅವನ ತಾಯಿ ಬಂದರು. ಕಣ್ಣು ಸ್ವಲ್ಪ ಮಂದ, ಆದರೂ ಮುಂದಿನ ಸಾಲಿನಲ್ಲೇ ಕೂತಿದ್ದವರು. "ಮಾಸ್ತರ್ರ, ಛೊಲೋ ಆತು. ನನ್ನ ಮಗಾ ಎಲ್ಲಿ ಕುಂತಿದ್ದ?" ಎಂದು ಕೇಳಿದರು.

ಎರಡು ದೀಪವನ್ನೂ ನಾನು ಅಕ್ಕನ ಮುಖಕ್ಕೆ ಕಟ್ಟಿದ್ದೆ. ಅಕ್ಕನ ನೆರಳು ಸರಿಯಾಗಿ ಅವನ ಮೇಲೆ ಬಿದ್ದಿತ್ತು. ರಾತ್ರಿಯೆಲ್ಲ ಆ ತಾಯಿ ಮಗನ ಢೋಲಕಿ ಕೇಳಿದ್ದರು, ಮಗನನ್ನು ಕಂಡಿರಲಿಲ್ಲ. ಅವರ ಮಾತಿನಲ್ಲಿ ದೂರು ಇರಲಿಲ್ಲ, ಬರೀ ಪ್ರಶ್ನೆ. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಮದುವೆಯ ವರಾತಿನಲ್ಲಿ ತಲೆಯ ಮೇಲೆ ದೀಪದ ಬುಟ್ಟಿ ಹೊತ್ತು ಎರಡೂ ಬದಿ ನಡೆಯುವ ಹೆಣ್ಣುಮಕ್ಕಳನ್ನು ನೀವು ನೋಡಿದ್ದೀರಿ. ಜನರೇಟರಿನ ಗಾಡಿಗೆ ಒಂದೇ ವಾಯರಿನಲ್ಲಿ ಕಟ್ಟಿದ ಹಾಗೆ ನಡೆಯುತ್ತಾರೆ. ಅವರ ತಲೆಯ ಮೇಲೇ ಬೆಳಕು, ಆದರೆ ಅವರ ಮುಖ ಕಂಡವರಿಲ್ಲ. ವಿಲಾಯತಿಯಲ್ಲಿ ಕರೆಂಟು ಬರುವ ಮುಂಚೆ, 1837ರ ಸುಮಾರಿಗೆ, ನಾಟಕಶಾಲೆಗಳಲ್ಲಿ ಸುಣ್ಣದ ಗಟ್ಟಿಯನ್ನು ಉರಿಯುವ ಅನಿಲದಲ್ಲಿ ಕಾಯಿಸಿ ಹೊಳೆಯುವ ಬೆಳಕು ಮಾಡುತ್ತಿದ್ದರು. ಅದೇ ಲೈಮ್‌ಲೈಟ್, ಹೆಸರಾದವರಿಗೆ ಇಂಗ್ಲಿಷಿನವರು ಇವತ್ತಿಗೂ ಆ ಶಬ್ದ ಹಚ್ಚುತ್ತಾರೆ. ಒಂದೊಂದು ದೀಪದ ಹಿಂದೆ ಒಬ್ಬೊಬ್ಬ ಕೂತು ಸುಣ್ಣದ ಗಟ್ಟಿಯನ್ನು ಆಗಾಗ ತಿರುಗಿಸುತ್ತಿರಬೇಕಿತ್ತು. ಅವರಲ್ಲಿ ಒಬ್ಬನ ಹೆಸರೂ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಇದನ್ನೆಲ್ಲ ನಾನು ಓದಿದ್ದೆ, ಮಕ್ಕಳಿಗೆ ಹೇಳಿಯೂ ಇದ್ದೆ. ನನ್ನ ಮೇಳದ ಢೋಲಕಿಯವನು ಕತ್ತಲೆಯಲ್ಲಿದ್ದಾನೆ ಅನ್ನುವುದು ಮಾತ್ರ ರಾತ್ರಿಯೆಲ್ಲ ಎದುರಿಗೇ ಕೂತು ನನಗೆ ಕಂಡಿರಲಿಲ್ಲ.

ಮುಂದಿನ ಸಲ ಅವನು ಬಂದಾಗ ಡಬ್ಬಿಯಿಂದ ಒಂದು ಪಾರ್ ತೆಗೆದು, ಬಣ್ಣವೆಲ್ಲ ಆರಿಸಿ, ಬಿಳಿ ಬಲ್ಬುಗಳನ್ನು ಮಾತ್ರ ಇಟ್ಟು, ಅವನ ಕಡೆಗೆ ತಿರುಗಿಸಿ ಕಟ್ಟುತ್ತಿದ್ದೆ. ಅಕ್ಕನಿಂದ ಕಲಿತಿದ್ದೆನಲ್ಲ, ಅದಕ್ಕೆ ಕೇಳಿದೆ: "ತಮ್ಮಾ, ಇಷ್ಟ ಬೆಳಕ ಸಾಕೇನ?"

ಅವನು ಢೋಲಕಿಯ ಹಗ್ಗ ಬಿಗಿಯುತ್ತಿದ್ದವ ತಲೆ ಎತ್ತದೇ ಅಂದ: "ಬೆಳಕ ಇರಲಿ ಗುರುಜಿ, ಅವ್ವಗ ಕಾಣತದ. ಆದರ ರೊಕ್ಕಾ ಯಾವಾಗ ಕೊಡತೀರಿ?"

ಕೂತವರು ಯಾರೋ ನಕ್ಕರು. ಅವನೂ ನಕ್ಕ. ನಾನು ನಗಲಿಲ್ಲ.

ಇನ್ನೊಂದು ಪಾರ್ ದೀಪವನ್ನು ಡೆಕೋರೇಶನ್‌ದವರೊಬ್ಬರಿಗೆ 1,200ಕ್ಕೆ ಮಾರಿದೆವು. ಅದಕ್ಕೆ ಮೇಳದ ಪಾಲಿನಿಂದ 2,800 ಸೇರಿಸಿ 4,000 ಅವನ ಕೈಗೆ ಕೊಟ್ಟು ವಹಿಯಲ್ಲಿ ಸಹಿ ಮಾಡಿಸಿಕೊಂಡಿದ್ದೇನೆ. ಇನ್ನೂ 2,000 ಇದೆ. ಶ್ರಾವಣದಲ್ಲಿ ಮೂರು ಸುಪಾರಿ ಬಂದಿವೆ. ಮೊದಲ ರಾತ್ರಿಯ ರೊಕ್ಕ ಬಂದ ತಕ್ಷಣ, ಟೆಂಪೋ ಬಾಡಿಗೆಗಿಂತ ಮುಂಚೆ, ಅದನ್ನು ಕೊಡುವುದು ಎಂದು ಎಂಟೂ ಮಂದಿಯ ಎದುರಿಗೆ ಬರೆದಿಟ್ಟಿದ್ದೇನೆ.